ಕಲ್ಲಿನ ಆಪರೇಷನ್

ತೊಂಬತ್ತೊಂಬತ್ತರಲ್ಲಿ ನಾನು ಮುಂಬಯಿಗೆ ಹೋಗಿ ಹೊಟ್ಟೆ ಚಿಕ್ಕದು ಮಾಡಿಸಿಕೊಂಡು ಬಂದೆ. ಹೊಟ್ಟೆ ಎಂದರೆ ಹೊರಗೆ ಕಾಣುವುದಲ್ಲ, ತಿಂದದ್ದು ಹೋಗಿ ಬೀಳುವ ಒಳಗಿನ ಚೀಲ. ಅದನ್ನು ನಿಂಬೆಹಣ್ಣಿನಷ್ಟು ಉಳಿಸಿ, ಕರುಳನ್ನು ನೇರವಾಗಿ ಅದಕ್ಕೆ ಹೊಲಿದರು.

ಆಗ ನಾನು ಲಷ್ಕರ್ ಮೊಹಲ್ಲಾದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದರಲ್ಲಿ ಕಲಿಸುತ್ತಿದ್ದೆ. ಇನ್‌ಸ್ಟಿಟ್ಯೂಟ್ ಮಹಡಿಯ ಮೇಲಿತ್ತು. ನನ್ನ ಮೈಭಾರಕ್ಕೆ ಮೆಟ್ಟಿಲ ಮಧ್ಯೆ ನಿಂತು ಸುಧಾರಿಸಿಕೊಂಡೇ ಹತ್ತಬೇಕಾಗಿತ್ತು. ಮಲಗಿದರೆ ಉಸಿರು ನಿಂತುಹೋಗುತ್ತಿತ್ತು. ನನ್ನ ಯಜಮಾನರು ಅಲುಗಾಡಿಸಿ, "ಉಸಿರಾಡೇ" ಎಂದು ಹೇಳಿ ಮಗ್ಗುಲು ಬದಲಿಸುತ್ತಿದ್ದರು. ಮುಂಬಯಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾದಿನಿ ಇದನ್ನು ಕೇಳಿ, ಅಲ್ಲಿಗೇ ಕರೆಸಿಕೊಂಡು ಆಪರೇಷನ್ ಮಾಡಿಸಿದಳು.

ಊರಿನಲ್ಲಿ ಏನು ಹೇಳುವುದು ಎಂಬುದನ್ನು ವಾಪಸು ಬರುವ ರೈಲಿನಲ್ಲಿ ನಮ್ಮ ಅತ್ತೆ ತೀರ್ಮಾನಿಸಿದರು.

"ಪಿತ್ತಕೋಶದಲ್ಲಿ ಕಲ್ಲಿತ್ತು ಅನ್ನೋಣ. ಬಾಯಿ ಕಟ್ಟಕ್ಕಾಗ್ದೆ ಹೊಟ್ಟೆ ಕುಯ್ಸ್ಕೊಂಡ್ಳು ಅಂತ ಯಾರ್ ಕೈಲೂ ಅನ್ನಿಸ್ಕೊಳ್ಳೋದು ಬೇಡ."

ಲಕ್ಷ್ಮೀಪುರಂನ ನಮ್ಮ ಬೀದಿ ಇದನ್ನು ನಂಬಿತು. ಎದುರುಮನೆಯಾಕೆ ಮಾತ್ರ ಕಲ್ಲು ಎಷ್ಟು ದಪ್ಪ ಇತ್ತು ಎಂದು ವಿಚಾರಿಸಿದರು. ಅತ್ತೆ ಬೆರಳಿನಲ್ಲಿ ತೋರಿಸಿದರು. ಮೊದಲು ಕಡಲೆಕಾಳಿನಷ್ಟಿದ್ದ ಕಲ್ಲು ಆ ವರ್ಷದ ದಸರಾ ಹೊತ್ತಿಗೆ ನೆಲ್ಲಿಕಾಯಿಯಷ್ಟಾಗಿತ್ತು.

ಜೀವ ಇರುವವರೆಗೂ ವಿಟಮಿನ್ ಮಾತ್ರೆ ತೆಗೆದುಕೊಳ್ಳಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಸರ್ಜನ್ ಹೇಳಿದ್ದರು. ಎರಡು ವರ್ಷ ಹಾಗೇ ಮಾಡಿದೆ. ನಾನು ಅರ್ಧಕ್ಕರ್ಧ ಇಳಿದೆ, ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ. ಆದರೆ ಆರೋಗ್ಯವಾಗಿರುವವರು ಮಾತ್ರೆ ನುಂಗಿದರೆ ಕಾರಣ ಹೇಳಬೇಕಾಗುತ್ತದೆ. "ಕಲ್ಲು ತೆಗೆದ್ಮೇಲೂ ಇಷ್ಟೊಂದು ಮಾತ್ರೆ ಯಾಕ್ರೀ?" ಎಂದು ಎದುರುಮನೆಯಾಕೆ ಕೇಳಿದ ದಿನ ಅತ್ತೆ ಸೀಸೆಗಳನ್ನು ಉಪ್ಪಿನಕಾಯಿ ಜಾಡಿಯ ಹಿಂದಕ್ಕೆ ಸರಿಸಿದರು. ಜಾಡಿಯ ಹಿಂದೆ ಇದ್ದದ್ದು ನನಗೂ ಕ್ರಮೇಣ ಮರೆತುಹೋಯಿತು.

ಮತ್ತೆ ಕೆಲವು ವರ್ಷ ಏನೂ ಆಗಲಿಲ್ಲ. ಆಮೇಲೆ ಕೂದಲು ಉದುರತೊಡಗಿತು. ಸುಮ್ಮನೆ ಕೂತಿದ್ದರೂ ಸುಸ್ತು. ಬೆರಳ ತುದಿಗಳು ಜೋಮು ಹಿಡಿದವು. ನೋಡದೆ ಟೈಪ್ ಮಾಡಲು ಕಲಿಯಲೆಂದು ನಾನು ಮಕ್ಕಳ ಕೈಮೇಲೆ ಬಟ್ಟೆ ಹೊದಿಸುತ್ತಿದ್ದೆ. ಒಂದು ದಿನ ಹುಡುಗಿಯೊಬ್ಬಳು, "ಮೇಡಂ, ನೀವೇ ಕೀ ನೋಡ್ಕೊಂಡು ಹೊಡೀತಿದೀರಲ್ಲ" ಎಂದಳು. ಹೌದು, ನೋಡುತ್ತಿದ್ದೆ. ಬೆರಳು ಎಲ್ಲಿದೆ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಕೆಲಸ ಮುಗಿಸಿ ನಡೆದು ಬರುತ್ತಿದ್ದೆ. ಮನೆಯ ಹತ್ತಿರ ಎದುರುಮನೆಯಾಕೆ ಗೇಟಿನಿಂದ ಕೂಗಿದರು.

"ಇನ್ನೊಂದು ಚಪ್ಪಲಿ ಎಲ್ಲಿ ಕಣಮ್ಮ?"

ನೋಡಿಕೊಂಡೆ. ಬಲಗಾಲು ಬರಿದಾಗಿತ್ತು. ಚಪ್ಪಲಿ ಎಲ್ಲಿ ಜಾರಿತೋ ಗೊತ್ತಿಲ್ಲ. ಕಾದ ಟಾರು ರಸ್ತೆಯಲ್ಲಿ ಅಂಗಾಲು ಪೂರ್ತಿ ಬೊಬ್ಬೆ ಎದ್ದಿತ್ತು. ನೋವಿರಲಿಲ್ಲ. ನೋವಿಲ್ಲ ಎಂದು ನಾನು ಹೇಳಿದ್ದಕ್ಕೆ ಅತ್ತೆ ಅತ್ತುಬಿಟ್ಟರು.

ನಮ್ಮ ಬೀದಿಯ ಕೊನೆಯ ಕ್ಲಿನಿಕ್‌ಗೆ ಮೂವರೂ ಹೋದೆವು. ಚಪ್ಪಲಿ ಇಲ್ಲದ್ದನ್ನು ಕಂಡುಹಿಡಿದವರು ತಾವಾದ್ದರಿಂದ ಎದುರುಮನೆಯಾಕೆ ಒಳಗೂ ಬಂದರು.

"ಹಿಂದೆ ಏನಾದ್ರೂ ಆಪರೇಷನ್ ಆಗಿತ್ತಾ?" ಎಂದು ಡಾಕ್ಟರು ಕೇಳಿದರು.

"ಕಲ್ಲಿಂದು," ಎಂದು ಮೂವರೂ ಒಟ್ಟಿಗೆ ಹೇಳಿದೆವು.

ಹೊಟ್ಟೆಗೂ ಅಂಗಾಲಿಗೂ ಸಂಬಂಧ ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆಗೆ ಪರೀಕ್ಷೆ ಮಾಡಿಸಿದರು. ಸಕ್ಕರೆ ಇರಲಿಲ್ಲ. ಕಾಲಿಗೆ ಬ್ಯಾಂಡೇಜು ಕಟ್ಟಿ ಟಾನಿಕ್ ಬರೆದುಕೊಟ್ಟರು.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೆ, ಬಿದ್ದೆ. ಕಾಲು ಜಾರಲಿಲ್ಲ, ತಲೆ ಸುತ್ತಲಿಲ್ಲ. ಕಣ್ಣು ಮುಚ್ಚಿದ್ದಷ್ಟೇ. ಮತ್ತೆ ಅದೇ ಕ್ಲಿನಿಕ್. ಡಾಕ್ಟರು ನನ್ನನ್ನು ನಿಲ್ಲಿಸಿ ಕಣ್ಣು ಮುಚ್ಚಿಸಿದರು. ಅಲ್ಲೂ ವಾಲಿದೆ. ಅವರು ತೋಳು ಹಿಡಿದುಕೊಂಡರು.

"ಕಲ್ಲು ತೆಗೆಸಿದ್ರೆ ಹೀಗಾಗಲ್ಲಮ್ಮ. ನರಗಳಿಗೆ ಪೆಟ್ಟಾಗ್ತಾ ಇದೆ. ಹೀಗೇ ಬಿಟ್ರೆ ನಡೆಯೋದೇ ಕಷ್ಟ ಆಗುತ್ತೆ."

ಹೊರಗೆ ಬೆಂಚಿನ ತುಂಬ ನಮ್ಮ ಬೀದಿಯವರು. ಮಧ್ಯೆ ಇದ್ದದ್ದು ಒಂದು ಪರದೆ. ಬಿ.ಪಿ. ತೋರಿಸಲು ಬಂದಿದ್ದ ಎದುರುಮನೆಯಾಕೆ ಪರದೆಗೆ ಅತ್ಯಂತ ಹತ್ತಿರ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತು, ದೊಡ್ಡ ದನಿಯಲ್ಲೇ ಹೇಳಿದರು.

"ಕಲ್ಲಲ್ಲ ಡಾಕ್ಟ್ರೇ. ಇವಳು ದಪ್ಪ ಇದ್ಲು, ಹೊಟ್ಟೇನೇ ಸಣ್ಣ ಮಾಡ್ಸಿದ್ವಿ. ಕಲ್ಲು ಅಂತ ಹೇಳಿದ್ದು ನಾನು."

ಪರದೆಯಾಚೆಯಿಂದ, "ಹಂಗಾದ್ರೆ ಆ ನೆಲ್ಲಿಕಾಯಿಯಷ್ಟಿದ್ದಿದ್ದು?" ಎಂಬ ಪ್ರಶ್ನೆ ಬಂತು.

"ಅದೂ ಸುಳ್ಳು ಕಣ್ರೀ," ಎಂದರು ಅತ್ತೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ನರಗಳಿಗೆ ಬೇಕಾದ ಬಿ-ಟ್ವೆಲ್ವ್ ವಿಟಮಿನ್ನನ್ನು ಅಂಥ ಹೊಟ್ಟೆಗೆ ಹೀರಿಕೊಳ್ಳಲು ಬರುವುದಿಲ್ಲ ಎಂದು ವಿವರಿಸಿದರು. ಮಾಂಸ ಮೊಟ್ಟೆ ಮುಟ್ಟದ ಮನೆಯಾದ್ದರಿಂದ ಅದು ಒಳಗೆ ಹೋಗುತ್ತಿದ್ದದ್ದೂ ಅಷ್ಟಕ್ಕಷ್ಟೇ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣವೂ ಕಡಿಮೆ, ಡಿ ವಿಟಮಿನ್ನೂ ಕಡಿಮೆ. ಇಂಜೆಕ್ಷನ್ ಮೊದಲು ದಿನಾ, ಆಮೇಲೆ ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ.

ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ತೆಗೆದುಕೊಳ್ಳಬಾರದು, ಕ್ಯಾಲ್ಸಿಯಂ ಜೊತೆಗೂ ಕೂಡದು. ಇದರ ಉಸ್ತುವಾರಿಯನ್ನು ಅತ್ತೆ ವಹಿಸಿಕೊಂಡರು. ಅವರ ಬಾಯಲ್ಲಿ ಕ್ಯಾಲ್ಸಿಯಂ ಸುಣ್ಣವಾಯಿತು. "ಸುಣ್ಣ ನುಂಗಿದ್ಯೇನೇ?" ಎಂದು ಅಡುಗೆಮನೆಯಿಂದ ಕೂಗಿದರೆ, ನಾನು ಸುಮ್ಮನಿದ್ದರೂ "ನುಂಗಿಲ್ವಂತೆ ಕಣ್ರೀ" ಎಂದು ಎದುರುಮನೆಯಿಂದ ಉತ್ತರ ಬರುತ್ತಿತ್ತು.

ಸುಸ್ತು ಬೇಗ ಹೋಯಿತು. ಕೂದಲು ಬಂತು. ಕೈಬೆರಳುಗಳು ನಿಧಾನವಾಗಿ ಚೇತರಿಸಿಕೊಂಡವು. ಮತ್ತೆ ನೋಡದೆ ಟೈಪ್ ಮಾಡಿದೆ. ಅಂಗಾಲು ಮಾತ್ರ ಪೂರ್ತಿ ಮರಳಲಿಲ್ಲ. ತಡವಾಯಿತು ಎಂದರು ಡಾಕ್ಟರು. ಗಾಯವಾದರೆ ನನಗೆ ತಿಳಿಯುವುದಿಲ್ಲವಾದ್ದರಿಂದ ದಿನಾ ಯಾರಾದರೂ ನೋಡಬೇಕು ಎಂದೂ ಹೇಳಿದರು.

ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂರುತ್ತಿದ್ದರು. ಮೊದಲ ಸಲ ನಾನು ಕಾಲು ಹಿಂದಕ್ಕೆಳೆದುಕೊಂಡೆ.

"ಬೇಡಿ ಅತ್ತೆ. ನೀವು ನನ್ನ ಕಾಲು ಮುಟ್ಟೋದಾ?"

"ಸುಮ್ನೆ ಕೊಡೇ ಇಲ್ಲಿ," ಎಂದು ಗದರಿ ಪಾದವನ್ನು ಮಡಿಲಿಗೆ ಎತ್ತಿಕೊಂಡರು. ಒಂದೊಂದೇ ಬೆರಳನ್ನು ಬಿಡಿಸಿ ನೋಡಿದರು. ಅವರ ಕೈ ತಾಗಿದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಬಗ್ಗಿ ನೋಡಿಯೇ ತಿಳಿದುಕೊಳ್ಳುತ್ತಿದ್ದೆ.