ಉಗುರು ಬಣ್ಣ ಬಳಿದ ಗಾಜು

ಗಂಡ ಅಡುಗೆಮನೆಗೆ ಬಂದು, "ಬಾಯಿ ತೆಗಿ" ಅಂದ. ಕೈಯಲ್ಲಿ ಹಲ್ಲುಕಡ್ಡಿ ಇತ್ತು.

ಅವಳು ಈರುಳ್ಳಿ ಹೆಚ್ಚುತ್ತಿದ್ದಳು. "ನನ್ನ ಹಲ್ಲಿಗೇನೂ ಆಗಿಲ್ಲ."

"ಹಲ್ಲಲ್ಲ, ಕೆನ್ನೆ ಒಳಗಡೆ. ಸ್ವಲ್ಪ ಕೆರೀತೀನಿ, ನೋಯಲ್ಲ."

"ಇಷ್ಟು ದಿನ ತಲೆ ತಿಂದಿದ್ದು ಸಾಲದೆ ಈಗ ಕೆನ್ನೆಗೆ ಬಂದ್ರಾ?"

ಹಾಗಂದರೂ ಬಾಯಿ ತೆರೆದಳು. ಅವನು ಮೆಲ್ಲಗೆ ಸವರಿ ಗಾಜಿನ ಪಟ್ಟಿಯ ಮೇಲೆ ಬಳಿದ. ಇನ್ನೊಂದು ಕಡ್ಡಿಯಲ್ಲಿ ತನ್ನ ಕೆನ್ನೆ ಕೆರೆದು ಅದೇ ಜಾಗಕ್ಕೆ ಬಳಿದ. ಒಂದು ತೊಟ್ಟು ನೀಲಿ ಬಣ್ಣ, ಒಂದು ತೊಟ್ಟು ಗ್ಲಿಸರಿನ್ ಹಾಕಿ, ಮೇಲೆ ತೆಳ್ಳಗಿನ ಚಿಕ್ಕ ಗಾಜು ಮುಚ್ಚಿದ. ಆಮೇಲೆ ಅವಳ ಉಗುರು ಬಣ್ಣದ ಸೀಸೆ ತಂದು ಗಾಜಿನ ಅಂಚಿಗೆಲ್ಲ ಬಳಿಯಲು ಕೂತ.

"ನನ್ನ ತಮ್ಮನ ಮದುವೆಗೆ ತಗೊಂಡಿದ್ದು ಅದು. ನನ್ನ ಉಗುರಿಗಿಂತ ನಿಮ್ಮ ಗಾಜಿಗೇ ಜಾಸ್ತಿ ಆಯ್ತು."

"ಗಾಳಿ ಹೋಗಬಾರದು ಅಂದ್ರೆ ಇದೇ ಒಳ್ಳೇದು. ಇವತ್ತು ಕಾಲೇಜಿಗೆ ಬಾ. ನಾವಿಬ್ಬರೂ ಒಂದೇ ಗಾಜಲ್ಲಿ ಹೇಗಿದ್ದೀವಿ ನೋಡುವೆಯಂತೆ."

"ಬಟ್ಟೆ ರಾಶಿ ಬಿದ್ದಿದೆ. ನಾಳೆ ನೋಡೋಣ."

"ನಿನ್ನ ನಾಳೆ ನನಗೆ ಗೊತ್ತಿಲ್ವಾ" ಅಂತ ಗಾಜನ್ನು ಹತ್ತಿಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಹೋದ.

ಅವನು ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಮೈಕ್ರೋಸ್ಕೋಪು ಒರೆಸುವುದು, ಬಣ್ಣದ ಸೀಸೆ ತುಂಬಿಡುವುದು, ಪಾಠಕ್ಕೆ ಈರುಳ್ಳಿ ಪೊರೆ ಒದಗಿಸುವುದು ಅವನ ಕೆಲಸ. ಈರುಳ್ಳಿ ಮನೆಯದೇ. ಅವಳು ಹೆಚ್ಚುವಾಗ ಪಕ್ಕದಲ್ಲಿ ಕೂತು, ಎಸಳಿನ ಒಳಮೈಯ ತೆಳು ಪೊರೆ ಎಳೆದು ನೀರಿನ ಡಬ್ಬಿಗೆ ಬಿಡುತ್ತಿದ್ದ. ಬಾಯಿ ಸುಮ್ಮನಿರುತ್ತಿರಲಿಲ್ಲ. ಲ್ಯಾಬಿನ ಪಾಠವೆಲ್ಲ ಅವನ ಬಾಯಲ್ಲಿ ಮನೆವಾರ್ತೆ ಆಗಿಬಿಡುತ್ತಿತ್ತು. ಜೀವಕೋಶ ಅಂದರೆ ಒಂದು ಮನೆ. ಸುತ್ತಲಿನ ಪೊರೆ ಬಾಗಿಲು, ಯಾರನ್ನು ಒಳಗೆ ಬಿಡಬೇಕು ಅಂತ ಅದಕ್ಕೆ ಗೊತ್ತು. ನ್ಯೂಕ್ಲಿಯಸ್ ಮನೆಯ ಯಜಮಾನಿ, ಏನೇನು ಮಾಡಬೇಕು ಅನ್ನೋದು ಅವಳ ಹತ್ತಿರ. ಅವಳು ಹೇಳಿದ ಸಾಮಾನನ್ನು ರೈಬೋಸೋಮು ಕಟ್ಟುತ್ತದೆ, ಗಾಲ್ಗಿ ಪೊಟ್ಟಣ ಮಾಡಿ ಕಳಿಸುತ್ತದೆ, ಲೈಸೋಸೋಮು ಹಳೆಯದನ್ನೆಲ್ಲ ಅರಗಿಸುತ್ತದೆ. ಮೈಟೊಕಾಂಡ್ರಿಯಾ ಒಲೆ. ಉಂಡದ್ದು, ಉಸಿರಾಡಿದ್ದು ಎರಡೂ ಅಲ್ಲಿ ಸೇರಿ ಕಸುವಾಗುತ್ತದೆ.

"ಇದರಲ್ಲಿ ಗಂಡ ಎಲ್ಲಿ?" ಅಂತ ಒಂದು ಸಲ ಕೇಳಿದ್ದಳು.

"ಕೋಶರಸ. ಎಲ್ಲರ ಮಧ್ಯೆ ತುಂಬಿಕೊಂಡಿರ್ತಾನೆ, ಯಾರೂ ಕೇಳಲ್ಲ."

ಗಾಜು ಕಪಾಟಿನಲ್ಲಿಟ್ಟ ಮರುದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಒಂದು ಕಾಲಿಗೆ ಚಪ್ಪಲಿ ಇತ್ತು. ಹೃದಯ ನಿಂತಿದೆ ಅಂದರು ಡಾಕ್ಟರು.

ಬಂದವರೆಲ್ಲ ಹೋದ ಮೇಲೂ ನಾದಿನಿ ಉಳಿದುಕೊಂಡಳು. ಒಂದು ದಿನ ಕಪಾಟು ಒರೆಸುತ್ತಾ, "ಅತ್ತಿಗೆ, ಇದೇನು ಕೊಳಕು ಗಾಜು? ತೊಳೆದಿಡ್ತೀನಿ" ಅಂತ ನಲ್ಲಿ ಬಿಟ್ಟಳು. ಇವಳು ತಿರುಗಿದಳು. ನೀಲಿ ಕಲೆಯ ಸುತ್ತ ತನ್ನದೇ ಉಗುರಿನ ಕೆಂಪು. ಓಡಿ ಹೋಗಿ ಕಿತ್ತುಕೊಂಡಳು. ಅಷ್ಟರಲ್ಲಿ ನೀರು ಬಿದ್ದಿತ್ತು. ಕೆಂಪು ಅಂಚು ಮಾತ್ರ ಜಗ್ಗಿರಲಿಲ್ಲ.

"ಅಂಥದ್ದೇನಿದೆ ಅದರಲ್ಲಿ?"

"ನಿನ್ನ ಅಣ್ಣ ಇದ್ದಾರೆ."

ನಾದಿನಿ ಅವಳ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಇಂಥ ಗಾಜು ಬಹಳ ದಿನ ಬಾಳುವುದಿಲ್ಲ ಅಂತ ಅವನೇ ಹೇಳುತ್ತಿದ್ದ. ಒಳಗಿನ ಪಸೆ ಆರಿದರೆ ಮುಗಿಯಿತು, ಏನೂ ಕಾಣದು. ಅವಳು ಗಾಜನ್ನು ಹತ್ತಿಯಲ್ಲಿ ಸುತ್ತಿ, ಒಲೆಯ ಮೇಲಿದ್ದದ್ದನ್ನು ನಾದಿನಿಗೆ ಒಪ್ಪಿಸಿ, ಕಾಲೇಜಿನ ಕಡೆ ನಡೆದಳು.

ಲ್ಯಾಬಿನಲ್ಲಿ ಮೈಕ್ರೋಸ್ಕೋಪುಗಳು ಗವಸು ಹಾಕಿಕೊಂಡು ಸಾಲಾಗಿ ಕೂತಿದ್ದವು. ಮನೆಯ ಹಳೆ ಪರದೆ ಕತ್ತರಿಸಿ ಅವಳೇ ಹೊಲಿದುಕೊಟ್ಟ ಗವಸು. ಅವನ್ನು ಹೊದ್ದುಕೊಳ್ಳುವ ಸಾಮಾನನ್ನು ಅವಳು ನೋಡಿದ್ದು ಅವತ್ತೇ ಮೊದಲು. ಪಾಠ ಮಾಡುವ ಮೇಡಂ ಏನೂ ಕೇಳದೆ ಒಂದರ ಗವಸು ತೆಗೆದು ಗಾಜು ಇಟ್ಟರು.

"ಕೂತ್ಕೊಳ್ಳಿ ಅಕ್ಕ. ಇಲ್ಲಿ ಕಣ್ಣಿಡಿ."

"ಹುಲ್ಲು ಕಾಣ್ತಿದೆ."

"ಅದು ನಿಮ್ಮ ರೆಪ್ಪೆ. ಸ್ವಲ್ಪ ಹಿಂದೆ ಬನ್ನಿ."

ಹಿಂದೆ ಸರಿದಳು. ಬೆಳಕಿನ ನಡುವೆ ದುಂಡಗೆ, ದಪ್ಪ ಕಪ್ಪು ಅಂಚಿನದು ಒಂದು ಕಂಡಿತು.

"ಸಿಕ್ಕಿದ್ರು," ಅಂದಳು. "ಎಷ್ಟು ದುಂಡಗಿದ್ದಾರೆ."

ಮೇಡಂ ಬಗ್ಗಿ ನೋಡಿದರು. "ಅದು ಗಾಳಿ ಗುಳ್ಳೆ ಅಕ್ಕ."

"ಗಾಳಿ ಹೋಗಲ್ಲ ಅಂದಿದ್ರು."

"ಅಂಚಿಂದ ಒಣಗ್ತಾ ಬಂದಿದೆ. ಇರಿ, ಮಧ್ಯದಲ್ಲಿ ನೋಡೋಣ."

ಗಾಜನ್ನು ಕೂದಲೆಳೆಯಷ್ಟು ಸರಿಸಿದರು, ದೊಡ್ಡ ಲೆನ್ಸು ತಿರುಗಿಸಿದರು, ತಿರುಪನ್ನು ಹಿಂದೆ ಮುಂದೆ ಮಾಡಿದರು. "ಈಗ ನೋಡಿ."

ನೋಡಿದಳು. ತೆಳ್ಳಗೆ, ಚಪ್ಪಟೆಗೆ, ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಮಡಚಿಕೊಂಡಿದ್ದವು. ಒಂದೊಂದರ ನಡುವೆಯೂ ಕಡುನೀಲಿ ಚುಕ್ಕೆ. ಯಜಮಾನಿ ಅದೇ ಇರಬೇಕು.

"ಒಲೆ ಎಲ್ಲಿ?"

"ಮೈಟೊಕಾಂಡ್ರಿಯಾನಾ? ಈ ನೀಲೀಲಿ ಕಾಣಲ್ಲ. ಅದಕ್ಕೆ ಬೇರೆ ಬಣ್ಣ ಬೇಕು, ಕೋಶಾನೂ ಜೀವಂತ ಇರಬೇಕು. ಅದರೊಳಗಿನ ಮಡಿಪು ನೋಡಬೇಕಾದ್ರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಅದು ಬೆಳಕಲ್ಲಿ ನೋಡೋದಲ್ಲ, ಎಲೆಕ್ಟ್ರಾನ್ ಹಾಯಿಸಿ ಚಿತ್ರ ತೆಗೆಯೋದು. ಬೀರುಗಿಂತ ದೊಡ್ಡದು, ನಮ್ಮಲ್ಲಿಲ್ಲ."

ಜೀವಂತ ಇರಬೇಕು ಅಂದದ್ದು ಆಮೇಲೆ ಹೊಳೆದು ಮೇಡಂ ನಾಲಿಗೆ ಕಚ್ಚಿಕೊಂಡರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಲೆ ಆರಿದ್ದು ಅವಳಿಗೆ ಗೊತ್ತಿದ್ದದ್ದೇ.

"ಇದರಲ್ಲಿ ಅವರು ಯಾವುದು, ನಾನು ಯಾವುದು?"

"ನೋಡಿ ಹೇಳೋಕಾಗಲ್ಲ ಅಕ್ಕ. ಎಲ್ಲರದ್ದೂ ಹೀಗೇ ಇರುತ್ತೆ."

ಅವಳು ಕಣ್ಣು ತೆಗೆಯಲಿಲ್ಲ. ಒಂದು ಮೂಲೆಯಲ್ಲಿ ಎರಡು ಕೋಶ ಒತ್ತಿಕೊಂಡು ಮಲಗಿದ್ದವು. ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಹತ್ತಿತ್ತು.

"ಹೊದಿಕೆ ಎಳ್ಕೊಂಡಿರೋದು ಅವರೇ," ಅಂದಳು.

ಮೇಡಂಗೆ ನಗು ಬಂತು. ಆಮೇಲೆ ಕಿಟಕಿ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಅವಳು ಇನ್ನೂ ನೋಡುತ್ತಲೇ ಇದ್ದಳು. ಪಕ್ಕದ ಕೋಣೆಯಲ್ಲಿ ಪಾಠ ಮುಗಿದು ಬೆಂಚು ಎಳೆದ ಸದ್ದಾದಾಗ ಎದ್ದಳು.

"ಈರುಳ್ಳಿ ಪೊರೆ ಈಗ ಯಾರು ತರ್ತಾರೆ?"

"ನಾನೇ ಎಳೀತೀನಿ. ಹರಿದು ಹೋಗುತ್ತೆ. ಅವರ ಕೈ ನನಗೆ ಬರಲ್ಲ."

ಗಾಜು ಆಮೇಲೆ ಒಣಗಿತು. ಅಂಚಿಗೆ ಮತ್ತೆ ಬಣ್ಣ ಬಳಿದು ನೋಡಿದಳು, ನಿಲ್ಲಲಿಲ್ಲ. ಅದೀಗ ಕಪಾಟಿನಲ್ಲೇ ಇದೆ. ತೊಳೆಯಬಾರದು ಅಂತ ನಾದಿನಿಗೂ ಗೊತ್ತು.

ಬೆಳಿಗ್ಗೆ ಎದ್ದು ಈರುಳ್ಳಿ ಹೆಚ್ಚುವ ಮೊದಲು ಒಂದು ಎಸಳು ಮುರಿಯುತ್ತಾಳೆ. ಒಳಮೈಯ ಪೊರೆಯನ್ನು ಉಗುರಲ್ಲಿ ಹಿಡಿದು ಮೆಲ್ಲಗೆ ಎಳೆದು ನೀರಿನ ಡಬ್ಬಿಗೆ ಬಿಡುತ್ತಾಳೆ. ಹರಿದರೆ ಇನ್ನೊಂದು ಎಸಳು. ಮೇಡಂ ಕಾಲೇಜಿಗೆ ಹೋಗುವಾಗ ಬಾಗಿಲಲ್ಲೇ ನಿಂತು ಡಬ್ಬಿ ತಗೊಂಡು ಹೋಗುತ್ತಾರೆ. ಭಾನುವಾರ ಕಾಲೇಜಿಲ್ಲ ಅನ್ನುವುದು ಪೊರೆ ಎಳೆದ ಮೇಲೆ ನೆನಪಾಗುತ್ತದೆ. ಆಗ ಅದನ್ನು ಬಾಣಲೆಗೆ ಹಾಕುತ್ತಾಳೆ.