ಲೋಕಯ್ಯ ಮಾವನ ಫಿಸಿಕ್ಸ್

ನನ್ನ ಸೋದರಮಾವ ಲೋಕಯ್ಯನವರು ಕಂಕನಾಡಿಯ ಹತ್ತಿರ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಹೊರಗಿನವರು ಅವರನ್ನು ಮಾತು ಕಡಿಮೆ, ಮರ್ಯಾದಸ್ಥ ಮನುಷ್ಯ ಎನ್ನುತ್ತಾರೆ. ಹೊರಗಿನವರಿಗೆ ಏನು, ಅವರು ದಿನವೂ ಆ ಗಂಟು ಹಾಕಿದ ಮುಖದ ಎದುರು ಕೂತು ಊಟ ಮಾಡಬೇಕಾಗಿಲ್ಲ. ನಾನು ಅವರ ಅಕ್ಕ ವಾರಿಜಾಕ್ಷಿಯ ಮಗಳು ಕುಶಲಾ. ಹುಟ್ಟಿದಂದಿನಿಂದ ಅವರ ಜೊತೆಗೇ ಇದ್ದೇನೆ, ಆದ್ದರಿಂದ ಅವರ ಬಗ್ಗೆ ಹೇಳುವ ಹಕ್ಕು ನನಗಿದೆ.

ಕಾವೂರಿನಲ್ಲಿರುವ ನಮ್ಮ ಮನೆ ಅಳಿಯಸಂತಾನದ್ದು. ಮಕ್ಕಳು ತಾಯಿಯ ಮನೆಗೆ ಸೇರಿದವರು, ಅಪ್ಪ ಬಂದು ಹೋಗುವ ನೆಂಟ. ಯಜಮಾನಿಕೆ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಸೋದರಳಿಯನಿಗೆ ಇಳಿಯುತ್ತದೆ. ಯಜಮಾನ ತೀರಿಕೊಂಡರೆ ಚಿತೆಗೆ ಬೆಂಕಿ ಇಡುವವನು ಅಳಿಯನೇ ಹೊರತು ಮಗನಲ್ಲ. ಇದು ನಮಗೆ ಎಷ್ಟು ಸಹಜವೆಂದರೆ, ಬೇರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ ಎಂಬುದೇ ನೆನಪಿರುವುದಿಲ್ಲ. ಲೋಕಯ್ಯ ಮಾವ ಕೆಟ್ಟದ್ದು ಅಲ್ಲಿಯೇ.

ಆಗ ಯಜಮಾನರಾಗಿದ್ದವರು ಲೋಕಯ್ಯ ಮಾವನ ಸೋದರಮಾವ, ಪೂವಪ್ಪಜ್ಜ. ಸಹಿ ಮಾಡಲೂ ಬಾರದ ಅವರಿಗೆ ಒಂದು ಹುಚ್ಚು ಇತ್ತು. ಕೂಳೂರಿನ ಹೊಳೆ ದಾಟಲು ದೋಣಿಗಾಗಿ ಕಾದು ಕಾದು ಬೇಸತ್ತಿದ್ದ ಅವರು, ಅಲ್ಲಿ ಸೇತುವೆ ಕಟ್ಟುವ ಇಂಜಿನಿಯರು ತಮ್ಮ ಮನೆಯಿಂದಲೇ ಬರಬೇಕು ಎಂದು ಹಟ ಹಿಡಿದಿದ್ದರು. ಇಂಜಿನಿಯರ್ ಆಗಬೇಕಾದರೆ ಇಂಟರ್‌ಮೀಡಿಯೇಟಿನಲ್ಲಿ ಫಿಸಿಕ್ಸ್ ಪಾಸಾಗಬೇಕು ಎಂದು ಯಾರೋ ಹೇಳಿದರು. ಲೋಕಯ್ಯ ಮಾವ ಪೇಟೆಯ ಕಾಲೇಜಿಗೆ ಸೇರಿದರು.

ಮೊದಲ ತಿಂಗಳುಗಳಲ್ಲಿ ಇಂಗ್ಲಿಷಿನ ಪಾಠ ತಲೆಯ ಮೇಲಿಂದ ಹೋಗುತ್ತಿತ್ತಂತೆ. ಆದರೆ ಲ್ಯಾಬೊರೇಟರಿಯಲ್ಲಿ ಕಣ್ಣಿಗೆ ಕಾಣುವುದಕ್ಕೆ ಇಂಗ್ಲಿಷ್ ಬೇಕಾಗಿರಲಿಲ್ಲ. ತಂತಿ ಬಿಗಿ ಮಾಡಿದರೆ ಸ್ವರ ಏರುತ್ತದೆ, ಲೋಲಕದ ದಾರ ಉದ್ದವಾದರೆ ತೂಗಾಟ ನಿಧಾನವಾಗುತ್ತದೆ. ಇವೆಲ್ಲ ಅವರಿಗೆ ದೊಡ್ಡ ಸಂತೋಷ. ಪಾಠ ಮಾಡುತ್ತಿದ್ದ ಬಾಸಿಲ್ ಮಾಸ್ಟ್ರು, ಈ ಹುಡುಗನ ಕೈ ಒಳ್ಳೆಯದು ಎಂದು ಕ್ಲಾಸಿನಲ್ಲೇ ಹೇಳುತ್ತಿದ್ದರು. ಸಂಜೆ ಮನೆಗೆ ಬಂದರೆ ಪೂವಪ್ಪಜ್ಜ ಜಗಲಿಯಲ್ಲಿ ಕಾದಿರುತ್ತಿದ್ದರು.

"ಇವತ್ತು ಎಂತ ಕಲಿತೆ?"

"ಇಳಿಜಾರು ಹಲಗೆ, ಮಾವ. ಭಾರ ನೇರ ಎತ್ತುವುದಕ್ಕಿಂತ ಹಲಗೆ ಮೇಲೆ ಉರುಳಿಸಿದರೆ ಬಲ ಕಡಿಮೆ ಸಾಕು."

"ಅಕ್ಕಿಮುಡಿ ಗಾಡಿಗೆ ಏರಿಸುವ ಹಾಗೆಯಾ? ಇದಕ್ಕೆ ಮದರಾಸಿನವರು ಪರೀಕ್ಷೆ ಮಾಡ್ತಾರಾ ಮಾರಾಯ?"

ಇಬ್ಬರೂ ನಗುತ್ತಿದ್ದರಂತೆ. ಲೋಕಯ್ಯ ಮಾವ ನಗುತ್ತಿದ್ದ ಕಾಲವೊಂದಿತ್ತು ಎಂದು ಅಮ್ಮ ಹೇಳಿದಾಗ ನಾನು ನಂಬಲಿಲ್ಲ.

ಎರಡನೇ ವರ್ಷದ ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಪೂವಪ್ಪಜ್ಜ ಜ್ವರ ಬಂದು ಮಲಗಿದ್ದರು. ಅವರನ್ನು ನೋಡಲು ಸುರತ್ಕಲ್ಲಿನಿಂದ ಲೋಕಯ್ಯ ಮಾವನ ಅಪ್ಪ, ಎಂದರೆ ನನ್ನ ಬೋಜಜ್ಜ ಬಂದು ಉಳಿದಿದ್ದರು. ಲೋಕಯ್ಯ ಮಾವನ ಸರದಿಯ ದಿನ ಬೆಳಗಾಗುವಷ್ಟರಲ್ಲಿ ಪೂವಪ್ಪಜ್ಜ ಹೋಗಿಬಿಟ್ಟರು.

ಹೆಣ ಅಂಗಳದಲ್ಲಿ, ಬೆಂಕಿ ಇಡಬೇಕಾದವನಿಗೆ ಪರೀಕ್ಷೆ. ಮರುದಿನ ಇನ್ನೊಂದು ತಂಡಕ್ಕೆ ಪರೀಕ್ಷೆ ಇತ್ತು. ಆ ತಂಡಕ್ಕೆ ಬದಲಾಯಿಸಿಕೊಂಡು ಬೇಗ ಬಾ ಎಂದು ಪೂವಪ್ಪಜ್ಜನ ತಮ್ಮ ಚನಿಯಜ್ಜ ಕಳುಹಿಸಿದರು. ದೊಡ್ಡವರ ಹತ್ತಿರ ಹುಡುಗನೊಬ್ಬನೇ ಹೋಗಿ ಕೇಳಿದರೆ ಆಗುತ್ತದೆಯೇ? ಬೋಜಜ್ಜ ಯಾರದೋ ಕೋಟು ಹಾಕಿಕೊಂಡು ಜೊತೆಗೆ ಹೊರಟರು.

ಪರೀಕ್ಷಕರು ಮದರಾಸಿನಿಂದ ಬಂದವರು. ಲೋಕಯ್ಯ ಮಾವ ಇಂಗ್ಲಿಷಿನಲ್ಲಿ, ನಮ್ಮ ಮನೆಯ ಯಜಮಾನರು ಇವತ್ತು ತೀರಿಕೊಂಡರು, ಚಿತೆಗೆ ಬೆಂಕಿ ಇಡಬೇಕಾದವನು ನಾನು ಎಂದರು. ಆ ಮನುಷ್ಯನ ಮುಖ ಮೆತ್ತಗಾಯಿತು. "ನಾನೂ ನಿನ್ನ ವಯಸ್ಸಿನಲ್ಲೇ ಕಳೆದುಕೊಂಡೆ" ಎಂದು, ಮರುದಿನದ ತಂಡಕ್ಕೆ ಹೆಸರು ಸೇರಿಸಲು ಪೆನ್ನು ಕೈಗೆತ್ತಿಕೊಂಡರು. ಬೋಜಜ್ಜನಿಗೆ ಮಾತು ತಿಳಿಯದಿದ್ದರೂ ಕೆಲಸ ಆಯಿತು ಎಂಬುದು ತಿಳಿಯಿತು. ಉಪಕಾರ ಮಾಡಿದವರಿಗೆ ಕೈಮುಗಿಯದೆ ಇರುವುದು ಹೇಗೆ? ಮುಂದೆ ಬಂದು ಕೈಮುಗಿದು, ತಮಗೆ ಬರುತ್ತಿದ್ದ ಒಂದೆರಡು ಇಂಗ್ಲಿಷ್ ಶಬ್ದಗಳನ್ನು ಜೋಡಿಸಿ, ಎದೆ ಮುಟ್ಟಿಕೊಂಡು ಹೇಳಿದರು.

"ಐ ಫಾದರ್, ಸ್ವಾಮಿ."

ಪರೀಕ್ಷಕರು ಪೆನ್ನು ಕೆಳಗಿಟ್ಟರು. ಸತ್ತ ಅಪ್ಪ ಎದುರಿಗೇ ನಿಂತು ನಗುತ್ತಿದ್ದರೆ ಯಾರಾದರೂ ಇನ್ನೇನು ಮಾಡುತ್ತಾರೆ? ಅವರ ಊರಿನಲ್ಲಿ ಬೆಂಕಿ ಇಡುವವನು ಮಗ, ತೀರಿಕೊಂಡ ಯಜಮಾನನೆಂದರೆ ಅಪ್ಪ. ಲೋಕಯ್ಯ ಮಾವ ತಡವರಿಸಿದರು. ಬಾಸಿಲ್ ಮಾಸ್ಟ್ರು ಓಡಿ ಬಂದು, ಈ ಜಿಲ್ಲೆಯಲ್ಲಿ ಸಂಪ್ರದಾಯ ಬೇರೆ, ಇಲ್ಲಿ ಆಸ್ತಿ ಸೋದರಳಿಯನಿಗೆ ಹೋಗುತ್ತದೆ ಎಂದು ವಿವರಿಸಿದರು.

"ಆಸ್ತಿ ಯಾರಿಗೆ ಬೇಕಾದರೂ ಹೋಗಲಿ. ನಿಯಮದಲ್ಲಿರುವುದು ತಂದೆತಾಯಿಯ ಸಾವು. ಸೋದರಮಾವನನ್ನು ಅಪ್ಪನೆಂದು ನಂಬಿಸಲು ಬಂದ ಹುಡುಗನಿಗೆ ನಾನು ಮಾಡುವ ಉಪಕಾರ ಇಷ್ಟೇ. ಈಗ ಒಳಗೆ ಹೋಗಿ ಕುಳಿತರೆ ಪರೀಕ್ಷೆ ಬರೆಯಬಹುದು."

ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಅವರ ನಂಬರಿನ ಮುಂದೆ ಸಾಮಾನು ಇಟ್ಟಾಗಿತ್ತು. ತಾನು ಏನು ಮಾಡಿದೆ ಎಂದು ಅಷ್ಟು ಹೊತ್ತಿಗೆ ತಿಳಿದ ಬೋಜಜ್ಜ ಮಗನ ತೋಳು ಹಿಡಿದುಕೊಂಡರು.

"ಹೋಗು ಮಗ, ಕೂತುಕೋ. ಮಧ್ಯಾಹ್ನದವರೆಗೆ ಅಲ್ಲವಾ, ನಾನು ಹೋಗಿ ಹೇಳ್ತೇನೆ. ಹೆಣ ಕಾಯ್ತದೆ."

"ಜನ ಎಂತ ಹೇಳ್ತಾರೆ?"

"ಹೇಳಲಿ. ಪೂವಪ್ಪಣ್ಣನೇ ಇದ್ದಿದ್ದರೆ ಕೂತುಕೋ ಅಂತಲೇ ಹೇಳ್ತಿದ್ದರು."

ಲೋಕಯ್ಯ ಮಾವ ಆ ಸಾಮಾನುಗಳನ್ನು ನೋಡುತ್ತ ನಿಂತರು. ಆಮೇಲೆ ತಿರುಗಿ ಮನೆಗೆ ಹೊರಟರು. ಹೊತ್ತು ನೆತ್ತಿಗೇರುವ ಮೊದಲೇ ಚಿತೆಗೆ ಬೆಂಕಿ ಬಿತ್ತು. ಊರವರು ಅಳಿಯನೆಂದರೆ ಹೀಗಿರಬೇಕು ಎಂದು ಬಾಯಿ ತುಂಬ ಹೊಗಳಿದರು.

ಮರುವರ್ಷ ಪರೀಕ್ಷೆಗೆ ಮತ್ತೆ ಕಟ್ಟಬಹುದಾಗಿತ್ತು. ಆದರೆ ಆಗ ಯಜಮಾನರು ಚನಿಯಜ್ಜ. ಸೇತುವೆಯ ಹುಚ್ಚು ಅವರಿಗಿರಲಿಲ್ಲ. ಓದಿದ್ದು ಸಾಕು ಎಂದರು. ಹಾಗೆ ಮಾವ ಕಾರ್ಖಾನೆ ಸೇರಿದರು. ಅಂದು ಹೊಗಳಿದ ಊರವರಲ್ಲಿ ಒಬ್ಬನಾದರೂ ಹುಡುಗನ ಓದು ಎಲ್ಲಿಗೆ ಬಂತು ಎಂದು ಕೇಳಲಿಲ್ಲ. ಈಗಲೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಆದರೆ ಲೋಕಯ್ಯ ಮಾವನ ಸಿಟ್ಟು ತಿರುಗಿದ್ದು ಪರೀಕ್ಷಕರ ಮೇಲಲ್ಲ, ಚನಿಯಜ್ಜನ ಮೇಲೂ ಅಲ್ಲ, ಬೋಜಜ್ಜನ ಮೇಲೆ. ಆ ಬಾಯಿ ಸುಮ್ಮನಿದ್ದಿದ್ದರೆ ಎಂದು ಎಷ್ಟು ಸಲ ಹೇಳಿದರೋ. ಬೋಜಜ್ಜ ನಮ್ಮಲ್ಲಿಗೆ ಬರುವುದನ್ನು ಕಡಿಮೆ ಮಾಡಿದರು, ಬಂದರೂ ದನದ ಹಟ್ಟಿಯ ಕಡೆ ಕೂತು ನನ್ನನ್ನು ಮಾತಾಡಿಸಿ ಹೋಗುತ್ತಿದ್ದರು. ಈ ಕಥೆಯ ಬಹುಪಾಲು ನನಗೆ ಹೇಳಿದವರು ಅವರೇ. ಕೂತುಕೋ ಎಂದು ತಾನು ಹೇಳಿದ್ದನ್ನು ಮಾತ್ರ ಪ್ರತಿ ಸಲವೂ ಎರಡೆರಡು ಬಾರಿ ಹೇಳುತ್ತಿದ್ದರು. ಮಗ ಅದನ್ನು ಒಮ್ಮೆಯೂ ಒಪ್ಪಿಕೊಳ್ಳಲಿಲ್ಲ, ಹಾಗೆಯೇ ಅವರು ತೀರಿಕೊಂಡರು.

ಸ್ವಾತಂತ್ರ್ಯ ಬಂದ ವರ್ಷ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಚನಿಯಜ್ಜ ಹೋಗಿ, ಲೋಕಯ್ಯ ಮಾವನೇ ಯಜಮಾನರಾಗಿದ್ದರು. ನನ್ನ ಗೆಳತಿ ಹೆಲನ್ ಇಂಟರ್‌ಮೀಡಿಯೇಟಿಗೆ ಫಿಸಿಕ್ಸ್ ತೆಗೆದುಕೊಂಡಿದ್ದಳು. ನನಗೂ ಅದೇ ಬೇಕಿತ್ತು. ಆಸೆ ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ. ಅಮ್ಮ ಬೇಡವೆಂದು ಕಣ್ಸನ್ನೆ ಮಾಡಿದರೂ, ಮಾವ ಊಟ ಮುಗಿಸಿ ಎಲೆ ಅಡಿಕೆಗೆ ಕೂತಾಗ ಹೋಗಿ ಕೇಳಿದೆ.

ಅವರು ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಪ್ರಾಕ್ಟಿಕಲ್ ಇರುವ ದಿನ ನಾನು ಸತ್ತರೆ ಎಂತ ಮಾಡ್ತಿ?"

ಅವರ ಕಾಲಿಗೆ ಬಿದ್ದು, ಹಾಗೆಲ್ಲ ಹೇಳಬೇಡಿ ಮಾವ ಎಂದು ಅಳಬೇಕಾಗಿತ್ತು. ಬಾಗಿಲ ಹಿಂದಿನಿಂದ ಅಮ್ಮ ಅದಕ್ಕೇ ಕಾಯುತ್ತಿದ್ದಳು. ನನಗೆ ಬೋಜಜ್ಜನ ಮಾತು ನೆನಪಾಯಿತು.

"ಪರೀಕ್ಷೆ ಮುಗಿಸಿ ಬರ್ತೇನೆ, ಮಾವ."

ಮಾವ ತಲೆ ಎತ್ತಿ ನನ್ನನ್ನು ನೋಡಿದರು. ಅವರು ನನ್ನನ್ನು ಅಷ್ಟು ನೇರವಾಗಿ ಎಂದೂ ನೋಡಿರಲಿಲ್ಲ. ಹೊಡೆಯುತ್ತಾರೆ ಎಂದುಕೊಂಡೆ. ಎದ್ದು ಒಳಗೆ ಹೋದರು. ಮರುದಿನ ಟೀಚರ್ ಟ್ರೈನಿಂಗಿಗೆ ನನ್ನ ಹೆಸರು ಕೊಟ್ಟು ಬಂದರು. ಫಿಸಿಕ್ಸ್ ಎಂಬ ಶಬ್ದ ಈ ಮನೆಯಲ್ಲಿ ಮತ್ತೆ ಬರಕೂಡದು ಎಂದು ಅಮ್ಮನಿಗೆ ಹೇಳಿದರಂತೆ.

ಎರಡು ವರ್ಷ ಕಳೆದು, ಈ ವರ್ಷ ಹೆಲನ್‌ಳ ಪ್ರಾಕ್ಟಿಕಲ್ ಪರೀಕ್ಷೆ ನಡೆಯಿತು. ಆ ದಿನ ಬೆಳಿಗ್ಗೆ ನಾನು ಟ್ರೈನಿಂಗಿನ ಶಾಲೆಗೆ ಮಗ್ಗಿ ಕಲಿಸಲು ಹೊರಡುವಾಗ ಮಾವ ಅಂಗಳದಲ್ಲಿ ನಿಂತು ಕೊಡೆ ಒರೆಸುತ್ತಿದ್ದರು. ಅವರಿಗೆ ಒಂದು ಶೀತ ಕೂಡ ಇರಲಿಲ್ಲ.