ಪುತಳಾಬಾಯಿಯ ನಿದ್ದಿ ಅಂಗಿ

ಕಮಲಾಪುರದ ಪುತಳಾಬಾಯಿ ನನ್ನ ಚಿಗವ್ವ. ದಿನಾ ಮಿಲ್ಲಿನ ಗಾಡ್ಯಾಗ ಕಲಬುರಗಿ ಬಾಜೂಕಿನ ನಂದೂರಿಗೆ ಹೋಗಿ, ಅಲ್ಲಿಯ ದಾಲ್ ಮಿಲ್ಲಿನಾಗ ನನ್ನ ಜೋಡಿ ತೊಗರಿಬ್ಯಾಳಿ ಹಸನ ಮಾಡ್ತಾಳ. ಹಸನ ಮಾಡಿ ಮಾಡಿ ಆಕಿ ಕಣ್ಣು ಸೋತಾವ, ಬಾಯಿ ಸೋತಿಲ್ಲ.

ಹೆಂಗಸರು ಕೆಲಸದಾಗ ತೂಕಡಸ್ತಾರಂತ ಮಾಲಕ ಎಲ್ಲರಿಗೂ ಒಂದೊಂದು ಅಂಗಿ ಕೊಟ್ಟ. ಅದರ ನೂಲಿನಾಗೇ ಸೆನ್ಸರ್ ಅದಾವ. ರಾತ್ರಿ ತೊಟ್ಟು ಮಲಗಿದ್ರ ನಮ್ಮ ಉಸಿರು, ಹೊರಳಾಟ, ಎಚ್ಚರ ಎಲ್ಲಾ ಸೂಪರ್‌ವೈಜರನ ಮೊಬೈಲಿಗೆ ಹೋಗ್ತದ. ಅರಿವಿ ಏನೋ ಮೆತ್ತಗದ, ಮೈಮ್ಯಾಲ ಅದನೋ ಇಲ್ಲೋ ತಿಳಿಯಂಗಿಲ್ಲ. ಕಳ್ಳ ಅಂಗಿ!

ಒಂದಿನ ಆ ಸೂಪರ್‌ವೈಜರ್ ಎಲ್ಲರ ಮುಂದ ಮೊಬೈಲ್ ನೋಡಿ ನಕ್ಕ. "ಪುತಳಾಬಾಯಿ, ದಿನಾ ನಸುಕಿನ್ಯಾಗ ದಡಬಡಿಸಿ ಏಳ್ತಿ. ಮನ್ಯಾಗ ಏನರ ಚಿಂತಿ ಅದೇನು? ಡಾಕ್ಟರಿಗೆ ತೋರಿಸ್ಕೊ."

ಚಿಗವ್ವ ಮೊರ ಕುಕ್ಕಿ ಎದ್ದಳು. "ಎದರ ಚಿಂತಿರೀ? ನಸುಕಿನ್ಯಾಗ ನಮ್ಮ ಓಣ್ಯಾಗ ನಿಂತು ಒಂದೇ ಸವನೆ ಹಾರ್ನ್ ಹೊಡೀತದಲ್ಲ, ಆ ಗಾಡಿ ಯಾರದು? ನಿಮ್ದೇ! ಎಬ್ಬಸೋರೂ ನೀವೇ, ಯಾಕ ಎದ್ದಿ ಅಂತ ಕೇಳೋರೂ ನೀವೇ!"

ಮರುದಿನ ಅಂಗಿ ತಂದು ಅವನ ಟೇಬಲ್ ಮ್ಯಾಲ ಬೀಸಿ ಒಗದಳು. "ತಗೋರಿ. ನಿಮ್ಮ ಗಾಡಿ ಹಾರ್ನಿಗೆ ಇದನ್ನ ತೊಡಸ್ರಿ. ಅದು ಮಲಗಿದ್ರ ನಾನೂ ಮಲಗ್ತೀನಿ."